ಮ್ಯೂನಿಕ್‌ನಿಂದ ಟಿರೋಲ್‌ಗೆ: ಕ್ಯಾಂಪರ್‌ವ್ಯಾನಿನಲ್ಲಿ ನಾಲ್ಕು ದಿನದ ಸ್ಕೀಯಿಂಗ್

ಕ್ಯಾಂಪರ್‌ವ್ಯಾನ್ ಹಿಡಿದು ಸ್ಕೀಯಿಂಗ್‌ಗೆ ಹೊರಡುವವರು ಚಳಿಗೆ ಹೆದರುತ್ತಾರೆ. ಹೆದರಬೇಕಾದ್ದು ತೇವಕ್ಕೆ. ಹೀಟರ್ ಸರಿಯಿದ್ದರೆ ಹೊರಗೆ ಮೈನಸ್ 10 ಇದ್ದರೂ ಒಳಗೆ 20 ಡಿಗ್ರಿ ಸಿಗುತ್ತದೆ, ಅದೇನೂ ದೊಡ್ಡ ಕಷ್ಟವಲ್ಲ. ಆದರೆ ಹಿಮ ಮೆತ್ತಿದ ಬೂಟು, ಒದ್ದೆ ಜಾಕೆಟ್ಟು, ಒಲೆಯ ಆವಿ, ಇಬ್ಬರ ಉಸಿರು ಎಲ್ಲವೂ ಅಷ್ಟು ಚಿಕ್ಕ ಜಾಗದಲ್ಲಿ ನೀರಾಗಿ ಇಳಿಯತೊಡಗಿದರೆ ಎರಡನೇ ರಾತ್ರಿಗೆ ಹಾಸಿಗೆಯ ಅಂಚು ಒದ್ದೆ. ಮೂರನೇ ಬೆಳಿಗ್ಗೆ ಹಾಕಿಕೊಳ್ಳಲು ಒಣಗಿದ ಕೈಗವಸು ಒಂದೂ ಇರುವುದಿಲ್ಲ. ಕೆಳಗಿನ ಸೂಚನೆಗಳಲ್ಲಿ ಬಹುಪಾಲು ಇದೊಂದನ್ನು ತಪ್ಪಿಸುವುದಕ್ಕೇ.

ಲೆಕ್ಕಕ್ಕೆ ಹಿಡಿದಿರುವುದು ಮ್ಯೂನಿಕ್ ಸುತ್ತಮುತ್ತಲಿನ ಕನ್ನಡಿಗರಿಗೆ ಹತ್ತಿರವಾಗುವ ಪ್ರವಾಸ: ಫಿಯಟ್ ಡುಕಾಟೊ ಮೇಲೆ ಕಟ್ಟಿದ 6 ಮೀಟರ್ ಉದ್ದದ ಬಾಡಿಗೆ ವ್ಯಾನು, ಇಬ್ಬರು, ನಾಲ್ಕು ದಿನ, ಆಸ್ಟ್ರಿಯಾದ ಟಿರೋಲ್.

ಎಲ್ಲಿಗೆ, ಯಾವಾಗ

ಹೊಸಬರಿಗೆ ವಿಲ್ಡರ್ ಕೈಸರ್ ಬೆಟ್ಟದ ಕೆಳಗಿನ ಸ್ಯೋಲ್, ಶೆಫೌ, ಎಲ್‌ಮೌ ಹಳ್ಳಿಗಳು ಸಾಕು. ಮ್ಯೂನಿಕ್‌ನಿಂದ ನೂರು ಕಿ.ಮೀ. ಆಸುಪಾಸು. ಮೂರೂ ಒಂದೇ ಪಾಸಿನ ಸ್ಕೀವೆಲ್ಟ್ ಪ್ರದೇಶಕ್ಕೆ ಸೇರಿವೆ, ಸುಲಭದ ನೀಲಿ ಇಳಿಜಾರುಗಳು ಬೇಕಾದಷ್ಟಿವೆ. ಎ8 ಹೆದ್ದಾರಿಯಲ್ಲಿ ಹೋಗಿ ಇನ್‌ಟಾಲ್ ಕೂಡುರಸ್ತೆಯಲ್ಲಿ ಎ93ಕ್ಕೆ ತಿರುಗಿ, ಗಡಿ ದಾಟಿ ಎ12ರಲ್ಲಿ ಕುಫ್‌ಸ್ಟೈನ್ ಸೂಡ್ ಬಳಿ ಇಳಿದುಬಿಟ್ಟರೆ ಆಸ್ಟ್ರಿಯಾದ ಟೋಲ್ ಸ್ಟಿಕ್ಕರ್, ಅಂದರೆ ವಿನ್ಯೆಟ್, ಬೇಕಿಲ್ಲ. ಗಡಿಯಿಂದ ಆ ನಿರ್ಗಮನದವರೆಗಿನ ತುಂಡಿಗೆ 2019ರ ಡಿಸೆಂಬರಿನಿಂದ ವಿನಾಯಿತಿ ಇದೆ. ಒಂದು ನಿರ್ಗಮನ ಮುಂದೆ ಹೋದರೂ ವಿನ್ಯೆಟ್ ಕಡ್ಡಾಯ. ಜಿಪಿಎಸ್‌ನಲ್ಲಿ 'ಟೋಲ್ ಬೇಡ' ಎಂದು ಒತ್ತಿ ಕುಳಿತರೆ ಅದು ಗಡಿಗೆ ಮುಂಚೆಯೇ ಹಳ್ಳಿ ದಾರಿಗೆ ಇಳಿಸಬಹುದು, ಹಾಗಾಗಿ ಈ ನಿರ್ಗಮನದ ಹೆಸರನ್ನು ನೆನಪಿಟ್ಟುಕೊಂಡು ಹೋಗಿ.

ಶನಿವಾರ ಹೊರಡಬೇಡಿ. ಅಲ್ಲಿನ ಹೋಟೆಲುಗಳಲ್ಲಿ ವಾರದ ಅತಿಥಿಗಳು ಬದಲಾಗುವುದು ಅಂದೇ, ಕುಫ್‌ಸ್ಟೈನ್‌ವರೆಗೂ ಸಾಲು ನಿಲ್ಲುತ್ತದೆ. ಭಾನುವಾರ ಸಂಜೆ ಹೋಗಿ ಗುರುವಾರ ಬರುವುದು ಒಳ್ಳೆಯದು. ಬವೇರಿಯದ ಫೆಬ್ರುವರಿ ಶಾಲಾ ರಜೆಯ ವಾರವನ್ನೂ ಬಿಟ್ಟುಬಿಡಿ. ಇನ್ನೊಂದು ವಿಷಯ, ಈ ಹಳ್ಳಿಗಳು 700–800 ಮೀಟರ್ ಎತ್ತರದಲ್ಲಷ್ಟೇ ಇವೆ. ಮೇಲೆ ಹಿಮ ಬೀಳುವಾಗ ಕೆಳಗೆ ವ್ಯಾನಿನ ಮೇಲೆ ಮಳೆ ಸುರಿಯುವುದುಂಟು. ಜನವರಿ ಮಧ್ಯದಿಂದ ಫೆಬ್ರುವರಿ ಕೊನೆಯವರೆಗಿನ ದಿನಗಳೇ ನಂಬಿಕೆಗೆ ಯೋಗ್ಯ.

ಟಿರೋಲ್‌ನಲ್ಲಿ ಕ್ಯಾಂಪ್‌ಸೈಟ್ ಬಿಟ್ಟು ಹೊರಗೆ ಕ್ಯಾಂಪ್ ಮಾಡುವುದು ಕಾನೂನುಬಾಹಿರ. ಬೆಟ್ಟ ಹತ್ತಿಸುವ ಸ್ಕೀ ಲಿಫ್ಟಿನ ಪಾರ್ಕಿಂಗಿನಲ್ಲಿ ರಾತ್ರಿ ಕಳೆಯುವ ಯೋಚನೆ ಬೇಡ. ಕ್ಯಾಂಪ್‌ಸೈಟ್ ಆರಿಸುವಾಗ ಮೊದಲು ಕೇಳಬೇಕಾದ್ದು ಸ್ಕೀ ಮತ್ತು ಬೂಟು ಒಣಗಿಸುವ ಬಿಸಿ ಕೋಣೆ ಇದೆಯೇ ಎಂದು. ಈಜುಕೊಳ, ಸೌನಾ ಎಲ್ಲ ಆಮೇಲೆ. ಆ ಕೋಣೆ ಇಲ್ಲದ ಜಾಗ ಎಷ್ಟು ಅಗ್ಗವಾದರೂ ಬೇಡ. ಸ್ಕೀ ಬಸ್ಸು ಗೇಟಿನ ಮುಂದೆ ನಿಲ್ಲುತ್ತದೆಯೇ ಎಂಬುದು ಎರಡನೇ ಪ್ರಶ್ನೆ, ಯಾಕೆಂದರೆ ಒಮ್ಮೆ ನಿಲ್ಲಿಸಿದ ವ್ಯಾನನ್ನು ದಿನಾ ಬೆಳಿಗ್ಗೆ ಬಿಚ್ಚಿ ಹೊರಡಿಸುವುದು ಯಾರಿಗೂ ಆಗದ ಕೆಲಸ.

ವ್ಯಾನು ಕೈಗೆ ತೆಗೆದುಕೊಳ್ಳುವಾಗ

ಜಾಹೀರಾತಿನಲ್ಲಿ 'ವಿಂಟರ್‌ಫೆಸ್ಟ್' ಎಂದಿದ್ದರೆ ಹೊರಗೆ ಮೈನಸ್ 15 ಇದ್ದಾಗಲೂ ಒಳಗೆ 20 ಡಿಗ್ರಿ ತಲುಪಿಸಿ, ನೀರಿನ ವ್ಯವಸ್ಥೆ ನಡೆಯುತ್ತದೆ ಎಂದರ್ಥ. ಬರೀ 'ವಿಂಟರ್‌ಟೌಗ್ಲಿಶ್' ಎಂದಿದ್ದರೆ ಆ ಭರವಸೆ ಹೊರಗಿನ ಸೊನ್ನೆ ಡಿಗ್ರಿಗೆ ಮಾತ್ರ. ಬಾಡಿಗೆಯ ವ್ಯಾನುಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವೇ: ಕೊಳಕು ನೀರಿನ ಟ್ಯಾಂಕು ವ್ಯಾನಿನ ಹೊಟ್ಟೆಯ ಕೆಳಗೆ, ಹೊದಿಕೆಯಿಲ್ಲದೆ ನೇತಾಡುತ್ತಿರುತ್ತದೆ. ಅದರಿಂದ ಪ್ರವಾಸ ಕೆಡುವುದಿಲ್ಲ. ಹೇಗೆಂಬುದು ನೀರಿನ ಭಾಗದಲ್ಲಿದೆ.

ಚಾಲನಾ ಪರವಾನಗಿಯ ಮಾತೂ ಇಲ್ಲೇ ಬರಲಿ. ಜರ್ಮನಿಯಲ್ಲಿ ನೆಲೆಸಿದ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ಜರ್ಮನಿಯ 'ಬಿ' ಲೈಸೆನ್ಸಿನಲ್ಲಿ 3,500 ಕೆಜಿಯವರೆಗಿನ ವ್ಯಾನು ಓಡಿಸಬಹುದು. ಆ 3,500ರಲ್ಲಿ ನೀವು, ಸಾಮಾನು, ನೀರು, ಗ್ಯಾಸು ಎಲ್ಲ ಸೇರಿರಬೇಕು. ಇಬ್ಬರಿಗಾದರೆ ತೊಂದರೆಯಿಲ್ಲ, ನಾಲ್ಕು ಜನ ಸ್ಕೀ ಸಮೇತ ಹತ್ತಿದರೆ ವಾಹನ ತೂಗುವ ವೇಬ್ರಿಡ್ಜಿನ ಮೇಲೆ ಒಮ್ಮೆ ನಿಲ್ಲಿಸಿ ನೋಡುವುದು ಕ್ಷೇಮ.

ಟೈರಿನ ಪಕ್ಕದಲ್ಲಿ ಬೆಟ್ಟದೊಳಗೆ ಹಿಮದ ಹೂವಿರುವ ಗುರುತು ಇದೆಯೇ ನೋಡಿ. 2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಚಳಿಗಾಲದ ಟೈರೆಂದು ಒಪ್ಪುವುದು ಆ ಗುರುತಿದ್ದರೆ ಮಾತ್ರ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದಾಗ ಚಳಿಗಾಲದ ಟೈರು ಕಡ್ಡಾಯ, ಗೀರಿನ ಆಳ ಕನಿಷ್ಠ 4 ಮಿ.ಮೀ. ಇರಬೇಕು. ಜರ್ಮನಿಯಲ್ಲಿ 1.6 ಮಿ.ಮೀ.ಗೂ ಓಡಿಸಬಹುದಾದ್ದರಿಂದ ಮ್ಯೂನಿಕ್‌ನಲ್ಲಿ ಕಾನೂನುಬದ್ಧವಾದ ಟೈರು ಗಡಿ ದಾಟಿದ ಮೇಲೆ ತಪ್ಪಾಗಬಹುದು. ಅಳತೆ ಮಾಡಿಸಿ, ಕಾಗದದಲ್ಲಿ ಬರೆಸಿಕೊಳ್ಳಿ.

ಹಿಮದ ಚೈನು ವ್ಯಾನಿನಲ್ಲಿದ್ದರಷ್ಟೇ ಸಾಲದು, ಆ ಟೈರಿನ ಅಳತೆಯದೇ ಆಗಿರಬೇಕು. ಡುಕಾಟೊ ಕ್ಯಾಂಪರುಗಳಲ್ಲಿ ಸಾಮಾನ್ಯವಾಗಿ 225/75 ಆರ್ 16 ಇರುತ್ತದೆ. ಚೈನಿನ ಡಬ್ಬಿಯ ಮೇಲೆ ಅದೇ ಸಂಖ್ಯೆ ಇದೆಯೇ ಓದಿ. ನಂತರ ಒಣ ಪಾರ್ಕಿಂಗಿನಲ್ಲಿ ಒಮ್ಮೆ ಹಾಕಿ ತೆಗೆಯಿರಿ. ಕತ್ತಲೆ, ಹಿಮಗಾಳಿ, ಹಿಂದೆ ಹಾರ್ನ್ ಹೊಡೆಯುವ ಬಸ್ಸು: ಇದರ ನಡುವೆ ಕಲಿಯುವ ವಿದ್ಯೆಯಲ್ಲ ಅದು.

1. ನೀಲಿ ವೃತ್ತದಲ್ಲಿ ಚೈನು ಸುತ್ತಿದ ಟೈರಿನ ಫಲಕ ಕಂಡರೆ ಚೈನು ಕಡ್ಡಾಯ. ಏರು ಶುರುವಾಗುವ ಮೊದಲೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ.
2. ಡುಕಾಟೊದಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಚೈನು ಅವಕ್ಕೇ. ಸ್ಟೇರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಕೈ ಹಾಕಲು ಜಾಗವಾಗುತ್ತದೆ.
3. ಹಿಂಬದಿಯ ಬಳೆಯನ್ನು ಚಕ್ರದ ಹಿಂದಿನಿಂದ ತೂರಿಸಿ ಮೇಲಕ್ಕೆತ್ತಿ ಕೊಂಡಿ ಹಾಕಿ. ಅದು ಟೈರಿನ ಒಳಮೈಗೆ ಪೂರ್ತಿ ಇಳಿದಿರಬೇಕು. ಅರ್ಧ ಇಳಿದ ಬಳೆ ಬ್ರೇಕಿನ ಪೈಪಿಗೆ ಉಜ್ಜುತ್ತದೆ.
4. ಮುಂಬದಿಯ ಕೊಂಡಿ ಹಾಕಿ, ಬಿಗಿಯುವ ಸರಪಳಿ ಎಳೆದು ಸಿಕ್ಕಿಸಿ.
5. 50–100 ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿಯಿರಿ. ಇದನ್ನು ಬಿಡುವವರೇ ಚೈನು ಕಳಚಿಕೊಳ್ಳುವವರು.
6. 50 ಕಿ.ಮೀ. ವೇಗ ಮೀರಬೇಡಿ. ಡಾಂಬರು ಕಂಡ ಕೂಡಲೇ ತೆಗೆಯಿರಿ.

ಹಿಂದಿನ ಹಾಸಿಗೆಯ ಕೆಳಗೆ ಭಾರವೆಲ್ಲ ತುಂಬಿದರೆ ಮುಂದಿನ ಚಕ್ರಗಳು ಹಗುರಾಗಿ ಏರಿನಲ್ಲಿ ತಿರುಗಿ ತಿರುಗಿ ನಿಲ್ಲುತ್ತವೆ. ಅಕ್ಕಿ, ನೀರಿನ ಕ್ಯಾನು, ಚೈನು ಎಲ್ಲವನ್ನೂ ಡ್ರೈವರ್ ಸೀಟಿನ ಹಿಂದಿನ ಬೆಂಚಿನ ಕೆಳಗಿಡಿ.

ಗ್ಯಾಸು

ಹೀಟರ್ ಗ್ಯಾಸಿನದೋ ಡೀಸೆಲ್ಲಿನದೋ ಮೊದಲು ತಿಳಿದುಕೊಳ್ಳಿ. ಗ್ಯಾಸಿನದಾದರೆ ಸಿಲಿಂಡರಿನಲ್ಲಿ ಪ್ರೊಪೇನ್ ಇರಬೇಕು. ಬ್ಯೂಟೇನ್ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಬಳಸುವ ನೀಲಿ ಕ್ಯಾಂಪಿಂಗ್ ಸಿಲಿಂಡರುಗಳಲ್ಲಿ ಬ್ಯೂಟೇನ್ ಇರುವುದರಿಂದ ಅವು ಇಲ್ಲಿ ನಡೆಯುವುದಿಲ್ಲ.

11 ಕೆಜಿಯ ಒಂದು ಸಿಲಿಂಡರ್ ಹೀಟರಿಗೆ ಸುಮಾರು ಮೂರು ದಿನ, ತೀರಾ ಚಳಿಯಿದ್ದರೆ ಅದಕ್ಕಿಂತ ಕಡಿಮೆ. ಟ್ರೂಮಾ ಕೋಂಬಿ 4 ಹೀಟರ್ ಗಂಟೆಗೆ 160ರಿಂದ 320 ಗ್ರಾಂ ಉರಿಸುತ್ತದೆ ಎಂಬುದನ್ನು ಹಿಡಿದು ನೀವೇ ಗುಣಿಸಿ ನೋಡಬಹುದು. ನಾಲ್ಕು ದಿನಕ್ಕೆ ಎರಡು ತುಂಬಿದ ಸಿಲಿಂಡರ್ ಬೇಕು. 'ಒಂದು ಅರ್ಧ ಇದೆ, ಸಾಕಾಗುತ್ತದೆ' ಎಂದು ಬಾಡಿಗೆಯವರು ಹೇಳಿದರೆ ಒಪ್ಪಬೇಡಿ. ಖಾಲಿ ತೂಕವನ್ನು ಸಿಲಿಂಡರಿನ ಮೇಲೆಯೇ ಕೆತ್ತಿರುತ್ತಾರೆ, ಬಚ್ಚಲುಮನೆಯ ತೂಕದ ಯಂತ್ರದಲ್ಲಿಟ್ಟು ಕಳೆದರೆ ಉಳಿದದ್ದು ಗ್ಯಾಸು.

ಎರಡೂ ಸಿಲಿಂಡರಿಗೆ ಸೇರಿಸಿ ತಾನಾಗಿ ಬದಲಾಗುವ ರೆಗ್ಯುಲೇಟರ್ ಇದ್ದರೆ ಪುಣ್ಯ. ಇಲ್ಲದಿದ್ದರೆ ಮೊದಲ ಸಿಲಿಂಡರ್ ಖಾಲಿಯಾಗುವುದು ಬೆಳಗಿನ ಜಾವ ಮೂರಕ್ಕೇ ಎಂದು ತಿಳಿದು ಟಾರ್ಚನ್ನು ದಿಂಬಿನ ಬಳಿ ಇಟ್ಟುಕೊಳ್ಳಿ. ಬದಲಿಸುವಾಗ ಎರಡು ವಿಷಯ ನೆನಪಿರಲಿ. ಜರ್ಮನಿಯ ಸಿಲಿಂಡರಿನ ತಿರುಪು ಎಡಗೈ ತಿರುಪು, ಬಿಚ್ಚಬೇಕಾದ್ದು ಬಲಕ್ಕೆ. ಇನ್ನು ಪೈಪಿನ ಬುಡದಲ್ಲಿ ಹಸಿರು ಗುಂಡಿ ಇದ್ದರೆ, ಹೊಸ ಸಿಲಿಂಡರ್ ತೆರೆದ ಮೇಲೆ ಅದನ್ನು ಒತ್ತಲೇಬೇಕು. ಪೈಪು ಒಡೆದಾಗ ಗ್ಯಾಸು ತಡೆಯುವ ಕವಾಟ ಅದು. ಒತ್ತದಿದ್ದರೆ ತುಂಬಿದ ಸಿಲಿಂಡರಿನಿಂದಲೂ ಹೀಟರಿಗೆ ಗ್ಯಾಸು ಹೋಗುವುದಿಲ್ಲ, ಪರದೆಯ ಮೇಲೆ ದೋಷ ಸಂಖ್ಯೆ ಬರುತ್ತದೆ, ನೀವು ಹೀಟರ್ ಕೆಟ್ಟಿತು ಅಂದುಕೊಳ್ಳುತ್ತೀರಿ.

ಡೀಸೆಲ್ ಹೀಟರ್ ವ್ಯಾನಿನ ಟ್ಯಾಂಕಿನಿಂದಲೇ ಎಳೆದುಕೊಳ್ಳುತ್ತದೆ. ಅದರ ಕೊಳವೆ ಸಾಮಾನ್ಯವಾಗಿ ತಳ ಮುಟ್ಟದಂತೆ ಕೂರಿಸಿರುತ್ತಾರೆ, ಮನೆಗೆ ಹೋಗಲು ಇಂಧನ ಉಳಿಯಲಿ ಎಂದು. ಮುಳ್ಳು ಕಾಲು ಭಾಗಕ್ಕೆ ಇಳಿದಾಗ ಹೀಟರ್ ನಿಂತರೆ ಗಾಬರಿಯಾಗದೆ ಬಂಕಿಗೆ ಹೋಗಿ. ಟ್ಯಾಂಕಿನಲ್ಲಿ ಹಳೆಯ ಅಕ್ಟೋಬರಿನ ಡೀಸೆಲ್ ಇದ್ದರೆ ಅದು ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಹೊರಡುವ ದಿನ ಚಳಿಗಾಲದ ಡೀಸೆಲ್ ತುಂಬಿಸಿ ಇಪ್ಪತ್ತು ಕಿ.ಮೀ. ಓಡಿಸಿದರೆ ಪೈಪಿನೊಳಗೂ ಹೊಸದೇ ತುಂಬಿಕೊಳ್ಳುತ್ತದೆ. ಡೀಸೆಲ್ಲಿಗೆ ಪೆಟ್ರೋಲ್ ಬೆರೆಸುವ ಹಳೆಯ ಉಪಾಯ ಈಗಿನ ಎಂಜಿನ್ನುಗಳ ಪಂಪನ್ನು ಹಾಳುಮಾಡುತ್ತದೆ.

ನೀರು: ತುಂಬಿಸದಿದ್ದರೆ ಒಳ್ಳೆಯದು

ಮೊದಲ ಪ್ರವಾಸಕ್ಕೆ ನೀರಿನ ಟ್ಯಾಂಕನ್ನು ಖಾಲಿಯಾಗೇ ಬಿಡಿ. 10 ಲೀಟರಿನ ಎರಡು ಕ್ಯಾನು ಒಳಗಿಟ್ಟುಕೊಳ್ಳಿ, ಸ್ನಾನ ಶೌಚ ಕ್ಯಾಂಪ್‌ಸೈಟಿನಲ್ಲಿ, ಪಾತ್ರೆ ಅಲ್ಲಿನ ತೊಳೆಯುವ ಕೋಣೆಯಲ್ಲಿ. ಬಾಯ್ಲರ್ ಖಾಲಿಯಿದ್ದರೂ ಗಾಳಿ ಬಿಸಿ ಮಾಡುವ ಕೆಲಸ ನಡೆಯುತ್ತದೆ. ನೀರೇ ಇಲ್ಲದ ಕೊಳವೆ ಒಡೆಯುವುದಿಲ್ಲ, ಅಲ್ಲಿಗೆ ಚಳಿಗಾಲದ ಅರ್ಧ ತಲೆನೋವು ಕಳೆಯಿತು. ಬಿಸಿಬಿಸಿ ನೀರು ನಲ್ಲಿಯಲ್ಲೇ ಬರಬೇಕು ಅನ್ನುವವರಿಗೆ ಮಾತ್ರ ಮುಂದಿನದು.

ತಣ್ಣಗಿರುವ ವ್ಯಾನಿಗೆ ನೀರು ತುಂಬಿಸಬೇಡಿ. ಟ್ರೂಮಾ ಹೀಟರಿನ ಬಳಿ ಫ್ರಾಸ್ಟ್‌ಕಂಟ್ರೋಲ್ ಎಂಬ ಕವಾಟವಿರುತ್ತದೆ. ಅದರ ಸುತ್ತಲಿನ ಬಿಸಿ ಸುಮಾರು 3 ಡಿಗ್ರಿಗೆ ಇಳಿದರೆ ತಾನಾಗಿ ತೆರೆದು ಬಾಯ್ಲರಿನ ನೀರನ್ನು ರಸ್ತೆಗೆ ಬಿಟ್ಟುಬಿಡುತ್ತದೆ. ಮತ್ತೆ ಮುಚ್ಚಲು ಬರುವುದು ಸುಮಾರು 7 ಡಿಗ್ರಿ ದಾಟಿದ ಮೇಲೆ. ಆ ಹೊತ್ತಿಗೆ ಪಂಪು ಚಾಲೂ ಇದ್ದರೆ ಟ್ಯಾಂಕಿನ ನೀರೂ ಅದರ ಹಿಂದೆಯೇ ಹೋಗುತ್ತದೆ, ಬೆಳಿಗ್ಗೆ ವ್ಯಾನಿನ ಕೆಳಗೆ ಮಂಜುಗಡ್ಡೆಯ ಹಾಸು. ಆದ್ದರಿಂದ ಮನೆಯಲ್ಲೇ ನಾಲ್ಕೈದು ಗಂಟೆ ಹೀಟರ್ ಹಾಕಿ, ಬೆಂಚಿನ ಮುಚ್ಚಳ, ಕಪಾಟು, ಸಿಂಕಿನ ಕೆಳಗಿನ ಬಾಗಿಲು ಎಲ್ಲ ತೆರೆದಿಡಿ. ನಂತರ ಕವಾಟ ಮುಚ್ಚಿ, ಅರ್ಧ ಟ್ಯಾಂಕು ತುಂಬಿಸಿ. ದಾರಿಯಲ್ಲೂ ಹೀಟರ್ ಓಡಬೇಕು. ಗ್ಯಾಸಿನ ಹೀಟರಾದರೆ ಅಪಘಾತದಲ್ಲಿ ಗ್ಯಾಸು ನಿಲ್ಲಿಸುವ ಸೆನ್ಸರ್ ಇರುವ ರೆಗ್ಯುಲೇಟರ್ ಇದ್ದರೆ ಮಾತ್ರ ಓಡುವಾಗ ಉರಿಸಬಹುದು. ಇಲ್ಲದಿದ್ದರೆ ಸಿಲಿಂಡರ್ ಮುಚ್ಚಿ ಹೊರಟು, ಅಲ್ಲಿಗೆ ಹೋದ ಮೇಲೆ ನೀರು ತುಂಬಿಸಿ.

ಕವಾಟ ತೆರೆಯದಂತೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸುವ ಉಪಾಯ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿ ರಾತ್ರಿ ಗ್ಯಾಸು ಮುಗಿದರೆ ಬಾಯ್ಲರ್ ಸೀಳುತ್ತದೆ, ಬಾಡಿಗೆ ಠೇವಣಿ ಅಲ್ಲಿಗೆ ಮುಗಿಯಿತು.

ಕೊಳಕು ನೀರಿನ ಟ್ಯಾಂಕಿನ ಕವಾಟವನ್ನು ತೆರೆದೇ ಬಿಟ್ಟು ಕೆಳಗೊಂದು ಬಕೆಟ್ ಇಡಿ. ದಿನಕ್ಕೆರಡು ಸಲ ಸರಿಯಾದ ಜಾಗದಲ್ಲಿ ಚೆಲ್ಲಿ. ಮುಚ್ಚಿದ್ದರೆ ಟ್ಯಾಂಕೂ ಕವಾಟವೂ ಒಂದೇ ಕಲ್ಲಾಗಿ ಏಪ್ರಿಲ್‌ವರೆಗೆ ತೆರೆಯುವುದಿಲ್ಲ.

ತೇವದ ಲೆಕ್ಕ

ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಕೆಜಿಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಹೀಟರ್ ಆ ಆವಿಯನ್ನು ಹೊಗೆಯ ಜೊತೆ ಹೊರಗೆ ಕಳಿಸುತ್ತದೆ, ಒಲೆ ಎಲ್ಲವನ್ನೂ ಒಳಗೇ ಬಿಡುತ್ತದೆ. ಚಳಿಯಾಯಿತೆಂದು ಒಲೆ ಹಚ್ಚಿ ಕೂತವರ ಕಿಟಕಿಯಿಂದ ನೀರಿಳಿಯುವುದು ಇದಕ್ಕೇ. ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುವ ಅಪಾಯ ಬೇರೆ. ಅದರ ಅಲಾರಂ ವ್ಯಾನಿನಲ್ಲಿ ಇಲ್ಲದಿದ್ದರೆ ನೀವೇ ಕೊಂಡು ಹೋಗಿ. ಚಾವಣಿಯ ಗಾಳಿಕಿಂಡಿಗಳನ್ನು ಟೇಪು ಹಚ್ಚಿ ಮುಚ್ಚುವುದು, ರಾತ್ರಿ ಬಿದ್ದ ಹಿಮ ಅವುಗಳ ಮೇಲೆ ಹಾಗೇ ಕೂತಿರಲು ಬಿಡುವುದು, ಎರಡೂ ಜೀವಕ್ಕೆ ಕುತ್ತು. ಹೀಟರಿನ ಹೊಗೆಕೊಳವೆಯ ಬಾಯಿಯನ್ನೂ ಮಲಗುವ ಮುಂಚೆ, ಎದ್ದ ಮೇಲೆ ನೋಡಿ. ಪಕ್ಕದಲ್ಲಿದ್ದರೆ ಹಿಮ ತಳ್ಳುವ ಗಾಡಿ ಅದರ ಮುಂದೆಯೇ ಗುಡ್ಡೆ ಹಾಕಿರಬಹುದು.

ಹೊರಗಿನ ತೇವವನ್ನು ಬಾಗಿಲಲ್ಲೇ ತಡೆಯಬೇಕು. ಜಾರುಬಾಗಿಲ ಬಳಿ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಕೈಪೊರಕೆ ಇಡಿ. ಹೊರಗೆ ನಿಂತೇ ಹೆಗಲು, ಮಂಡಿಯ ಹಿಂಭಾಗ, ಪ್ಯಾಂಟಿನ ಅಂಚಿನ ಹಿಮ ಗುಡಿಸಿ, ಮೆಟ್ಟಿಲ ಮೇಲೆ ಕೂತು ಬೂಟು ಕಳಚಿ ತಟ್ಟೆಗೆ ಹಾಕಿ, ಆಮೇಲೆ ಕಾಲು ಒಳಗೆ. ಜಾರುಬಾಗಿಲು ಪೂರ್ತಿ ತೆರೆದರೆ ಬಿಸಿಯೆಲ್ಲ ಒಂದೇ ಸಲ ಹೋಗುವುದರಿಂದ ಅರ್ಧ ತೆರೆದು ಒಬ್ಬೊಬ್ಬರಾಗಿ ಬನ್ನಿ. ಒದ್ದೆ ಬಟ್ಟೆ ಕ್ಯಾಂಪ್‌ಸೈಟಿನ ಬಿಸಿ ಕೋಣೆಗೆ. ಅದು ತುಂಬಿದ್ದರೆ ವ್ಯಾನಿನ ಶೌಚದ ಗೂಡೇ ಒಣಗಿಸುವ ಕಪಾಟು: ಬಿಸಿಗಾಳಿಯ ಕಿಂಡಿ ಅಲ್ಲೂ ಇರುತ್ತದೆ. ಜಾಕೆಟ್ಟನ್ನು ಅಡ್ಡಸರಳಿಗೆ ನೇತುಹಾಕಿ, ಮೇಲಿನ ಮುಚ್ಚಳ ಎರಡು ಬೆರಳು ತೆರೆದು, ಬಾಗಿಲು ಹಾಕಿ. ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಹಾಸಿಗೆಯ ಕಡೆಗೆ ಆವಿ ಬಂದಿರುವುದಿಲ್ಲ.

ಅಡುಗೆಯ ವಿಷಯಕ್ಕೆ ಬಂದರೆ, ಕುಕ್ಕರು ಬಿಡಲಾಗದವರು ಮೇಲಿನ ಕಿಂಡಿ ತೆರೆದು ಒಂದು ಸೀಟಿಗೆ ಆರಿಸಿ, ತಾನಾಗಿ ಇಳಿಯಲು ಬಿಡಿ. ಒಗ್ಗರಣೆಯನ್ನಂತೂ ಮನೆಯಲ್ಲೇ ಮುಗಿಸಿ. ಒಣಮೆಣಸಿನಕಾಯಿಯ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ, ಇಂಗಿನ ವಾಸನೆ ಸ್ಕೀ ಜಾಕೆಟ್ಟಿಗೆ ಹತ್ತಿ ಲಿಫ್ಟಿನಲ್ಲಿ ಪಕ್ಕದಲ್ಲಿ ಕೂತವರಿಗೂ ಊಟದ ವಿವರ ತಿಳಿಯುತ್ತದೆ. ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿ ಪುಡಿ ಇದ್ದರೆ ಬಿಸಿನೀರು ಅಥವಾ ಅನ್ನವಷ್ಟೇ ಸಾಕು.

ರಾತ್ರಿ ಹೀಟರ್ ಆರಿಸಬೇಡಿ, 15–16 ಡಿಗ್ರಿಗೆ ಇಳಿಸಿ. ಡ್ರೈವರ್ ಸೀಟಿನ ಕಡೆಯ ದೊಡ್ಡ ಗಾಜೇ ಚಳಿಯ ಬಾಗಿಲು. ಅದಕ್ಕೆ ಹೊರಗಿನಿಂದ ದಪ್ಪ ಹೊದಿಕೆ ಹಾಕಿದರೆ ಗಾಜು ಬೆವರುವುದಿಲ್ಲ, ಒಳಗಿನಿಂದ ಹಾಕಿದರೆ ಹೊದಿಕೆಯ ಹಿಂದೆ ಮಂಜುಗಡ್ಡೆ ಕಟ್ಟುತ್ತದೆ. ಹಾಸಿಗೆಯನ್ನು ಗೋಡೆಯಿಂದ ಒಂದು ಅಂಗುಲ ಸರಿಸಿ, ಬೆಳಿಗ್ಗೆ ಎದ್ದ ಕೂಡಲೇ ಮೇಲೆತ್ತಿ ನಿಲ್ಲಿಸಿ. ಐದು ನಿಮಿಷ ಹಿಂದಿನ ಬಾಗಿಲು, ಜಾರುಬಾಗಿಲು ಎರಡನ್ನೂ ಹಾರುಹೊಡೆದಿಡಿ. ದಿನವಿಡೀ ಕಿಟಕಿ ಓರೆ ಮಾಡಿಡುವುದಕ್ಕಿಂತ ಇದರಲ್ಲಿ ತೇವವೂ ಹೆಚ್ಚು ಹೋಗುತ್ತದೆ, ಗ್ಯಾಸೂ ಉಳಿಯುತ್ತದೆ.

ನಿಲ್ಲಿಸುವುದು, ಕರೆಂಟು

ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಬ್ರೇಕು ಹೆಪ್ಪುಗಟ್ಟಿ ಹೊರಡುವ ದಿನ ಚಕ್ರ ತಿರುಗುವುದಿಲ್ಲ. ಒಂದನೇ ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆಗಲ್ಲು ಕೊಡಿ. ಚಕ್ರಗಳ ಕೆಳಗೆ ಹಲಗೆ ಹಾಕಿದರೆ ಕರಗಿ ಮತ್ತೆ ಗಟ್ಟಿಯಾಗುವ ಹಿಮದಲ್ಲಿ ಅವು ಹೂತುಕೊಳ್ಳುವುದಿಲ್ಲ. ವೈಪರ್ ಎತ್ತಿ ನಿಲ್ಲಿಸಿ. ಕರೆಂಟಿನ ತಂತಿಯನ್ನು ಹಿಮ ತಳ್ಳುವ ಗಾಡಿಯ ದಾರಿಗೆ ಅಡ್ಡವಾಗಿ ಎಳೆಯಬೇಡಿ, ಹಿಮದೊಳಗೆ ಹೂತ ತಂತಿ ಅವರಿಗೆ ಕಾಣುವುದಿಲ್ಲ. ಸುರುಳಿಯಲ್ಲಿದ್ದರೆ ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಬಿಸಿಯಾಗುತ್ತದೆ. ವ್ಯಾನಿನ ಬ್ಯಾಟರಿ ಇಳಿದರೆ ಹೀಟರಿನ ಫ್ಯಾನು ನಿಲ್ಲುತ್ತದೆ, ಗ್ಯಾಸಿದ್ದೂ ಚಳಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಲಾಗದು, ಮೊದಲು ಒಳಗೆ ಬೆಚ್ಚಗಾಗಬೇಕು.

ಸ್ಕೀ

ಸ್ಕೀ, ಬೂಟು, ಹೆಲ್ಮೆಟ್ಟುಗಳನ್ನು ಲಿಫ್ಟಿನ ಬುಡದಲ್ಲೇ ಬಾಡಿಗೆಗೆ ತೆಗೆದುಕೊಂಡು ಸಂಜೆ ಅಲ್ಲಿನ ಡಿಪೋದಲ್ಲೇ ಬಿಟ್ಟು ಬನ್ನಿ. ಡಿಪೋ ಬಾಡಿಗೆ ದಂಡ ಅನ್ನಿಸಬಹುದು, ಆದರೆ ವ್ಯಾನಿನೊಳಗೆ ಬರಬೇಕಿದ್ದ ನೀರಿನಲ್ಲಿ ಅರ್ಧ ಅಲ್ಲೇ ಉಳಿಯುತ್ತದೆ. ಅಂಗಡಿಯವರು ಎತ್ತರ, ತೂಕ, ವಯಸ್ಸು ಕೇಳುವುದು ಬಿದ್ದಾಗ ಬೈಂಡಿಂಗು, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಎಷ್ಟು ಒತ್ತಡಕ್ಕೆ ಬಿಟ್ಟುಕೊಳ್ಳಬೇಕು ಎಂದು ಹೊಂದಿಸಲು. ತೂಕ ಕಡಿಮೆ ಹೇಳಿದರೆ ಸ್ಕೀ ಸುಮ್ಮಸುಮ್ಮನೆ ಕಳಚುತ್ತದೆ, ಹೆಚ್ಚು ಹೇಳಿದರೆ ಕಳಚದೆ ಮಂಡಿ ತಿರುಚುತ್ತದೆ. ಬೂಟಿನೊಳಗೆ ಒಂದೇ ತೆಳು ಉದ್ದ ಕಾಲುಚೀಲ. ಎರಡು ಹಾಕಿದರೆ ಬೆಚ್ಚಗಾಗುವುದಿಲ್ಲ, ರಕ್ತ ಓಡಾಟ ಕಟ್ಟಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಸ್ವಂತ ಬೂಟಿದ್ದರೆ ರಾತ್ರಿ ಬಿಸಿ ಜಾಗದಲ್ಲೇ ಇಡಿ, ತಣ್ಣಗಾದ ಪ್ಲಾಸ್ಟಿಕ್ಕಿಗೆ ಬೆಳಿಗ್ಗೆ ಕಾಲು ತೂರುವುದಿಲ್ಲ. ಸ್ವಂತ ಸ್ಕೀಯನ್ನು ಓಡುವ ವ್ಯಾನಿನಲ್ಲಿ ನಡುದಾರಿಯಲ್ಲಿ ಹಾಗೇ ಮಲಗಿಸಬೇಡಿ, ಬೆಲ್ಟಿನಿಂದ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದರೆ ಅದು ನೇರ ಡ್ರೈವರಿನ ಬೆನ್ನಿಗೆ.

ಮೊದಲ ಎರಡು ದಿನ ಸ್ಕೀ ಶಾಲೆಯ ಗುಂಪು ಪಾಠಕ್ಕೆ ಸೇರಿ. ಸ್ನೇಹಿತರು ಕಲಿಸುತ್ತೇನೆಂದರೆ ಕೈಮುಗಿದು ಬೇಡವೆನ್ನಿ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಿದರೆ ಅದರ ಬಿಲ್ಲನ್ನು ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಪರ್ವತಾರೋಹಿಗಳ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದಲ್ಲೋ ಪ್ರವಾಸ ವಿಮೆಯಲ್ಲೋ ರಕ್ಷಣಾ ವೆಚ್ಚ ಸೇರಿದೆಯೇ ಓದಿಕೊಳ್ಳಿ. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣಾ ಪಡೆಯ ಸಂಖ್ಯೆ 140, ಯುರೋಪಿನೆಲ್ಲೆಡೆ 112.

ಹೊರಡುವ ಬೆಳಿಗ್ಗೆ

ಚಾವಣಿಯ ಹಿಮ ಪೂರ್ತಿ ಇಳಿಸದೆ ಗೇಟು ದಾಟಬೇಡಿ. ಹೆದ್ದಾರಿಯಲ್ಲಿ ಬ್ರೇಕು ಹಾಕಿದಾಗ ಆ ಹಲಗೆ ಮುಂದಿನ ಗಾಜಿಗೆ ಜಾರುತ್ತದೆ, ವೇಗ ಹೆಚ್ಚಿಸಿದಾಗ ಹಿಂದಿನವರ ಗಾಜಿಗೆ ಹಾರುತ್ತದೆ. ಕ್ಯಾಂಪ್‌ಸೈಟಿನಲ್ಲಿ ಏಣಿ ಕೊಡುತ್ತಾರೆ. ಸೋಲಾರ್ ಹಲಗೆಗಳ ಮೇಲೆ ಮೆತ್ತನೆಯ ಪೊರಕೆ ಮಾತ್ರ ಆಡಿಸಿ. ಕರೆಂಟಿನ ತಂತಿ ಮಂಜುಗಡ್ಡೆಗೆ ಅಂಟಿದ್ದರೆ ಎಳೆಯದೆ ಉಗುರುಬೆಚ್ಚನೆಯ ನೀರು ಹಾಕಿ ಬಿಡಿಸಿ, ಪ್ಲಗ್ಗು ಒದ್ದೆಯಾಗದಿರಲಿ.

ನೀರು ತುಂಬಿಸಿದ್ದವರು ವ್ಯಾನು ವಾಪಸ್ ಕೊಡುವ ಮುಂಚೆ ಪಂಪು ಆರಿಸಿ, ಬಾಯ್ಲರಿನ ಕವಾಟ ತೆರೆದು, ನಲ್ಲಿಗಳನ್ನೆಲ್ಲ ಬಿಸಿಗೂ ತಣ್ಣಗೂ ನಡುವೆ ತಿರುಗಿಸಿ ತೆರೆದಿಡಿ. ಶವರಿನ ಕೊಳವೆಯನ್ನು ಕೆಳಗಿಳಿಸಿ ಅಲ್ಲಾಡಿಸಿ, ಅದರ ತಲೆಯೊಳಗೆ ಉಳಿಯುವ ಅರ್ಧ ಲೋಟ ನೀರೇ ಸಾಮಾನ್ಯವಾಗಿ ಒಡೆಯುವ ಜಾಗ. ಹಾಸಿಗೆಗಳನ್ನು ನಿಲ್ಲಿಸಿ, ಕಪಾಟಿನ ಬಾಗಿಲೆಲ್ಲ ತೆರೆದು, ಹೀಟರನ್ನು ಒಂದು ಗಂಟೆ 25ಕ್ಕೆ ಏರಿಸಿ ಒಣಗಿಸಿ, ಆಮೇಲೆ ಸಿಲಿಂಡರಿನ ಕವಾಟ ಮುಚ್ಚಿ.